ನೂರ ಅರವತ್ತೆಂಟನೆಯ ಭಾಗಾಕಾರ

ಹತ್ತು ಲಕ್ಷದವರೆಗಿನ ಅಷ್ಟೂ ಸಂಖ್ಯೆಗಳು ಅವನಿಗೆ ಮುಖಪರಿಚಯದವು. ದಾರಿಯಲ್ಲಿ ಎದುರಾದರೆ ಸಮಸಂಖ್ಯೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಬೆಸಸಂಖ್ಯೆಗಳಿಗೆ ಸ್ವಲ್ಪ ಗರ್ವ, ಅವು ಕತ್ತು ಮಾತ್ರ ಅಲ್ಲಾಡಿಸುತ್ತಿದ್ದವು. ಪೂರ್ಣವರ್ಗಗಳಂತೂ ಎದ್ದು ನಿಂತು ಕುರ್ಚಿ ಕೊಡುತ್ತಿದ್ದವು. ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಿಕೊಳ್ಳುವ ಜಾತಿಯ ಮನುಷ್ಯನಲ್ಲ. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಎಂದೂ ಹೇಳಿದವನಲ್ಲ. ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಪುಸ್ತಕಗಳ ಕಡೆಯ ಪುಟಗಳ ಕರಡು ತಿದ್ದುವುದು ಅವನ ಕೆಲಸ. ಕಡೆಯ ಪುಟ ಅಂದರೆ ಉತ್ತರಗಳ ಪುಟ. ಪ್ರಶ್ನೆಗಳನ್ನು ಯಾರು ಬೇಕಾದರೂ ತಿದ್ದಬಹುದು, ಪ್ರಶ್ನೆ ತಪ್ಪಾದರೆ ಮಕ್ಕಳು ಮಾತ್ರ ಒದ್ದಾಡುತ್ತಾರೆ. ಉತ್ತರ ತಪ್ಪಾದರೆ ಮೇಷ್ಟ್ರುಗಳೇ ಒದ್ದಾಡುತ್ತಾರೆ. ಆದ್ದರಿಂದ ಕಿಟಕಿ ಪಕ್ಕದ, ಮೇಜಿನ ತಲೆಗಿರುವ ಕುರ್ಚಿ ಅವನದು, ಮತ್ತು ಮ್ಯಾನೇಜರಿಂದ ಹಿಡಿದು ಗೇಟಿನವನ ತನಕ ಎಲ್ಲರ ಬಾಯಲ್ಲೂ ಅವನು ಉತ್ತರಣ್ಣ. ಇಪ್ಪತ್ತಾರು ವರ್ಷದಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಆಚೆ ಹೋಗಿಲ್ಲ ಅನ್ನುವುದು ಆ ಕಟ್ಟಡದ ಗೋಡೆಗಳಿಗೂ ಗೊತ್ತಿತ್ತು, ಯಾಕೆಂದರೆ ಗೋಡೆಗಳಿಗೂ ಅವನೇ ಹೇಳಿದ್ದ.

ಆ ದಿನ ಬೆಳಿಗ್ಗೆ ಎಂಟು ಗಂಟೆಗೆ, ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಕಾಲುಚೀಲ ಹಿಡಿದು ಅವನು ನಡುಮನೆಯಲ್ಲಿ ನಿಂತಿದ್ದಾಗ ಹೆಂಡತಿ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕೂತಿದ್ದಳು. ಹೊಲಿಗೆ ಅವಳ ಕಸುಬು. ಯಾರೋ ಗಿರಾಕಿ ಮೇಜಿಗೆ ಹಾಸುವ ಚೌಕ ಬಟ್ಟೆ ತಂದುಕೊಟ್ಟಿದ್ದರು, ಒಂದು ಮೂಲೆಗೆ ಇಸ್ತ್ರಿಪೆಟ್ಟಿಗೆ ಅಂಟಿ ಸುಟ್ಟು ಕರಕಲಾಗಿತ್ತು. ಅವಳು ಆ ಮೂಲೆಯನ್ನು ಚಿಕ್ಕದೊಂದು ಚೌಕವಾಗಿ ಕತ್ತರಿಸಿ ಬಿಸಾಕಿದಳು. ಆಮೇಲೆ ಮೂಲೆಯ ಪಕ್ಕ ಚಾಚಿಕೊಂಡು ಉಳಿದ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ, ಅಡ್ಡಡ್ಡ ಇದ್ದದ್ದನ್ನು ಉದ್ದುದ್ದ ತಿರುಗಿಸಿ, ಇನ್ನೊಂದು ಬದಿಗೆ ಇಟ್ಟಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂತಿತು. ಚೌಕ ಇದ್ದದ್ದು ತುಸು ಉದ್ದವಾಗಿ, ತುಸು ಅಗಲ ಕಡಿಮೆಯಾಗಿ, ನಾಲ್ಕು ಮೂಲೆಯೂ ನೆಟ್ಟಗಿರುವ ಹಾಸಾಯಿತು. ಚೌಕದ ಮೂಲೆ ಚೌಕವಾಗಿ ತೆಗೆದರೆ ಯಾವಾಗಲೂ ಹೀಗೇ ಆಗುತ್ತೆ, ಚೂರೂ ದಂಡ ಆಗಲ್ಲ ನೋಡಿ ಎಂದು ಅವಳು ದಾರ ಕಚ್ಚಿ ಹರಿದಳು. ಅವನ ಕೈಯ ಕಾಲುಚೀಲ ಚಹಾದೊಳಗೆ ಬಿತ್ತು.

ಯಾಕೆಂದರೆ ಆ ಬಟ್ಟೆಯನ್ನು ಅವನು ಎಂಟು ತಿಂಗಳ ಹಿಂದೆಯೇ ಅಚ್ಚು ಹಾಕಿಸಿಬಿಟ್ಟಿದ್ದ. ಗಣಿತ ಪುಸ್ತಕದ ಇನ್ನೂರ ಹನ್ನೆರಡನೆಯ ಪುಟದಲ್ಲಿ ಉತ್ತರಗಳು ಮುಗಿದು ಅರ್ಧ ಪುಟ ಖಾಲಿ ಉಳಿದಿತ್ತು. ಏನಾದರೂ ತುಂಬಿಸಿ ಉತ್ತರಣ್ಣ, ಖಾಲಿ ಬಿಟ್ಟರೆ ಬೋಳು ತಲೆ ಹಾಗೆ ಕಾಣತ್ತೆ ಎಂದು ಮ್ಯಾನೇಜರು ತಮ್ಮ ತಲೆ ಸವರಿಕೊಂಡು ಹೇಳಿದ್ದರು. ಅವನು ತುಂಬಿಸಿದ್ದ: ‘ಒಂದು ಸಂಖ್ಯೆಯ ಪರಿಚಯ’. ಆ ಸಂಖ್ಯೆ ಹತ್ತು ಲಕ್ಷದ ಐದು ಸಾವಿರದ ಒಂಬೈನೂರ ಎಪ್ಪತ್ತಮೂರು. ಅದು ಬೆಸಸಂಖ್ಯೆ. ಅದರ ಅಂಕಿಗಳ ಮೊತ್ತ ಇಪ್ಪತ್ತೈದು, ಆದ್ದರಿಂದ ಮೂರರ ಕೈಗೆ ಸಿಗುವುದಿಲ್ಲ. ಅದು ಪೂರ್ಣವರ್ಗವಲ್ಲ, ಸಾವಿರದ ಮೂರರ ವರ್ಗಕ್ಕೆ ಬರೇ ಮೂವತ್ತಾರು ಕಡಿಮೆ, ಮತ್ತು ಸ್ವಾರಸ್ಯವೆಂದರೆ ಆ ಮೂವತ್ತಾರೂ ಆರರ ವರ್ಗ. ಅದು ನ್ಯೂನಸಂಖ್ಯೆ. ಕೊನೆಗೆ, ದಪ್ಪಕ್ಷರದಲ್ಲಿ, ಅದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟು ಇನ್ನಾವ ಸಂಖ್ಯೆಯಿಂದಲೂ ಭಾಗವಾಗದ್ದು. ಈಗ ನೆಲದ ಮೇಲೆ ಸಾವಿರದ ಮೂರರ ಚೌಕದಿಂದ ಆರರ ಚೌಕ ಕತ್ತರಿಸಿ ಬಿದ್ದಿತ್ತು. ಪಟ್ಟಿ ತಿರುಗಿ ಪಕ್ಕಕ್ಕೆ ಬಂದಿತ್ತು. ಉದ್ದ ಸಾವಿರದ ಒಂಬತ್ತು, ಅಗಲ ಒಂಬೈನೂರ ತೊಂಬತ್ತೇಳು, ಗುಣಿಸಿದರೆ ಅದೇ ಸಂಖ್ಯೆ. ಹೆಂಡತಿ ಕತ್ತರಿ ಹಿಡಿದು ಎರಡು ನಿಮಿಷದಲ್ಲಿ ಭಾಗ ಮಾಡಿ ಕೂತಿದ್ದಳು, ಅದೂ ಸೆರಗಿಗೆ ನಾಲ್ಕು ಗುಂಡುಸೂಜಿ ಸಿಕ್ಕಿಸಿಕೊಂಡು.

ಅವಳಿಗೇನು ಗೊತ್ತು, ಅದು ಅವಳದೇ ಸಂಖ್ಯೆ. ಮದುವೆಯಾದ ಹೊಸತರಲ್ಲಿ ಅವಳ ಹೊಲಿಗೆ ಮೆಷಿನ್ನು ಮನೆಗೆ ಬಂದಾಗ ಅವನು ಮಂಡಿಯೂರಿ ಕೂತು, ಅದರ ಹೊಟ್ಟೆಯ ಕೆಳಗೆ ಕೊರೆದಿದ್ದ ಏಳು ಅಂಕಿಗಳನ್ನು ಬೆರಳಿನಿಂದ ತಡವಿ ಓದಿದ್ದ. ಹೊಸ ಹೆಂಡತಿಗೆ ಏನಾದರೂ ಕೊಡಬೇಕು ಅನ್ನಿಸಿತ್ತು, ಜೇಬು ಬರಿದು, ತಲೆ ಮಾತ್ರ ತುಂಬಿತ್ತು. ನಿನ್ನ ಮೆಷಿನ್ನಿನ ಸಂಖ್ಯೆ ಅವಿಭಾಜ್ಯ ಕಣೇ, ಇದನ್ನು ಭಾಗ ಮಾಡುವ ಗಂಡು ಲೋಕದಲ್ಲಿ ಹುಟ್ಟಿಲ್ಲ ಅಂದಿದ್ದ. ಭಾಗ ಮಾಡೋಕೆ ಇದೇನು ನಿಮ್ಮಣ್ಣತಮ್ಮಂದಿರ ಜಮೀನಾ ಎಂದು ಅವಳು ಸೂಜಿಗೆ ದಾರ ಪೋಣಿಸಿದ್ದಳು. ಆದರೂ ಅವಳ ಕಿವಿಯ ತುದಿ ಕೆಂಪಾದದ್ದನ್ನು ಅವನು ನೋಡಿದ್ದ. ಆ ಕೆಂಪಿನ ಮೇಲೆ ಅವನು ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದ. ಈಗ ಲೋಟದಿಂದ ಕಾಲುಚೀಲ ಎತ್ತಿ ಹಿಂಡುತ್ತ, ನಿನ್ನ ಮೆಷಿನ್ನಿನ ಸಂಖ್ಯೆ ಭಾಗ ಆಗತ್ತಂತೆ ಕಣೇ ಅಂದ. ಯಾರೋ ಸತ್ತ ಸುದ್ದಿ ಹೇಳುವವನ ಹಾಗಿತ್ತು ಅವನ ದನಿ.

“ಆಗ್ಲಿ ಬಿಡ್ರೀ. ಹೊಲಿಯೋದಕ್ಕೇನೂ ತೊಂದ್ರೆ ಇಲ್ವಲ್ಲ.”

ಬಸ್ಸಿನಲ್ಲಿ ಒಂದು ಕಾಲಿಗೆ ಒಣ ಚೀಲ, ಇನ್ನೊಂದಕ್ಕೆ ಚಹಾದ ಚೀಲ. ಒದ್ದೆ ಕಾಲು ಬೂಟಿನೊಳಗೆ ಪಚಪಚ ಎಂದಾಗಲೆಲ್ಲ ಅವನಿಗೆ ಅವಿಭಾಜ್ಯ ಅವಿಭಾಜ್ಯ ಎಂದೇ ಕೇಳಿಸುತ್ತಿತ್ತು. ಮನಸ್ಸನ್ನು ಬೇರೆ ಕಡೆ ಹಾಯಿಸೋಣವೆಂದು ಅವನು ಜನರನ್ನು ವರ್ಗೀಕರಿಸತೊಡಗಿದ. ಒಂದು ಸಂಖ್ಯೆಯನ್ನು ಭಾಗಿಸುವ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ಸರಿಯಾಗಿ ಅದೇ ಸಂಖ್ಯೆ ಬಂದರೆ ಅದು ಪರಿಪೂರ್ಣ. ಆರು ಹಾಗೆ, ಒಂದು ಎರಡು ಮೂರು ಕೂಡಿದರೆ ಆರೇ. ಮೊತ್ತ ಮೀರಿದರೆ ಸಮೃದ್ಧ. ಸಾಲದೇ ಹೋದರೆ ನ್ಯೂನ. ಚಾಲಕನ ಹಿಂದೆ ಎರಡು ಸೀಟು ತುಂಬಿ ಕೂತ ದಪ್ಪ ಮನುಷ್ಯ ಸಮೃದ್ಧ. ಕಂಬಿ ಹಿಡಿಯದೆ, ಯಾರಿಗೂ ಒರಗದೆ ನಿಂತ ಮುದುಕಿ ಪರಿಪೂರ್ಣ. ತಾನು? ಇಪ್ಪತ್ತಾರು ವರ್ಷದ ಅನುಭವ, ಕಿಟಕಿ ಪಕ್ಕದ ಕುರ್ಚಿ, ಉತ್ತರಣ್ಣ ಅನ್ನುವ ಹೆಸರು, ಎಲ್ಲ ಕೂಡಿಸಿ ನೋಡಿದರೂ ಈ ಹೊತ್ತು ತನ್ನ ಅರ್ಧಕ್ಕೂ ಬರಲೊಲ್ಲದು. ಆ ಸಂಖ್ಯೆಯೂ ಹಾಗೇ. ಹತ್ತು ಲಕ್ಷದ ಠೀವಿ ಇದ್ದರೂ ಅದರ ಭಾಜಕಗಳ ಮೊತ್ತ ಎರಡು ಸಾವಿರದ ಏಳು ಎಂದು ಅವನಿಗೆ ಈಗ ಲೆಕ್ಕ ಸಿಕ್ಕಿತು. ನ್ಯೂನ ಅಂತ ಬರೆದದ್ದೊಂದಾದರೂ ಸರಿ ಉಳಿಯಿತಲ್ಲ ಎಂದು ಒಂದು ನಿಲ್ದಾಣದಷ್ಟು ದೂರ ಸಮಾಧಾನವಾಯಿತು. ಮುಂದಿನ ನಿಲ್ದಾಣದಲ್ಲಿ ಮುದ್ರಣಾಲಯದಲ್ಲಿ ಪಕ್ಕದ ಕುರ್ಚಿಯಲ್ಲಿದ್ದವಳ ನೆನಪು ಹತ್ತಿಕೊಂಡಿತು, ಟಿಕೆಟ್ಟಿಲ್ಲದೆ.

ಪಕ್ಕದ ಕುರ್ಚಿಯವಳು ಅವನಿಗಿಂತ ಐದಾರು ವರ್ಷ ಚಿಕ್ಕವಳು, ಹನ್ನೆರಡು ವರ್ಷದಿಂದ ಕರಡು ತಿದ್ದುತ್ತಿದ್ದವಳು, ಮಾತು ಕಡಿಮೆ. ಅವಳು ಕೆಮ್ಮಿದರೂ ಅಚ್ಚುಕಟ್ಟಾಗಿ, ವಾಕ್ಯ ಮುಗಿದ ಮೇಲೆಯೇ ಕೆಮ್ಮುತ್ತಿದ್ದಳು. ಆ ಮುದ್ರಣಾಲಯದಲ್ಲಿ ಒಂದು ಪದ್ಧತಿ ಇತ್ತು. ಕರಡಿನಲ್ಲಿ ಯಾರಿಗಾದರೂ ಅನುಮಾನ ಬಂದರೆ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಚಿಹ್ನೆ ಹಾಕಬೇಕು, ಶಂಕೆ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಪುಟ ಯಾರದೋ ಅವರು ಎದ್ದುನಿಂತು ಇಡೀ ಮೇಜಿಗೆ ಕೇಳುವಂತೆ ಕಾರಣ ಹೇಳಿ ಆ ಚಿಹ್ನೆಯನ್ನು ತಮ್ಮ ಕೈಯಾರೆ ಅಳಿಸಬೇಕು. ಹಾಗೆ ಅಳಿಸಿದ್ದನ್ನು ಅಳಿಸಿದವರು ಮಾತ್ರ ಮತ್ತೆ ತೆರೆಯಬಹುದು, ತೆರೆಯಬೇಕಾದರೆ ಶಂಕೆ ಹಾಕಿದವರನ್ನೇ ಕರೆಸಿ, ಅವರ ಮುಂದೆಯೇ ಕಾರಣ ಹೇಳಿ, ಅವರಿಂದ ಎರಡನೆಯ ಸಹಿ ಹಾಕಿಸಬೇಕು. ಅವಳು ಪ್ರಶ್ನೆಚಿಹ್ನೆ ಹಾಕಿದ್ದು ಅವಿಭಾಜ್ಯ ಅನ್ನುವ ಪದದ ಪಕ್ಕ ಕೂಡ ಅಲ್ಲ, ಮೂವತ್ತಾರರ ಪಕ್ಕ. ಈ ಮೂವತ್ತಾರು ಇದ್ದ ಮೇಲೆ ಆ ಕಡೆಯ ಪದ ಹೇಗೆ ನಿಲ್ಲತ್ತೆ ಉತ್ತರಣ್ಣ ಎಂದು ಮೆಲ್ಲಗೆ ಕೇಳಿದ್ದಳು. ಅವನು ಪ್ರಶ್ನೆಯ ಅರ್ಧ ಕೇಳಿಸಿಕೊಂಡು ಎದ್ದು ನಿಂತಿದ್ದ. ಗಂಟಲು ಸರಿಮಾಡಿಕೊಂಡದ್ದಕ್ಕೆ ಕಿಟಕಿಯ ಗಾಜು ಅದುರಿತ್ತು. ಅವಿಭಾಜ್ಯವೋ ಅಲ್ಲವೋ ತಿಳಿಯುವುದು ಹೇಗೆ? ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು, ಯಾವುದಕ್ಕೂ ಶೇಷ ಸೊನ್ನೆ ಬಾರದಿದ್ದರೆ ಅದು ಅವಿಭಾಜ್ಯ. ಇಲ್ಲಿ ಸಾವಿರದ ಎರಡರವರೆಗೆ ನೋಡಿದರೆ ಸಾಕು. ಅಷ್ಟರೊಳಗೆ ಅವಿಭಾಜ್ಯಗಳು ನೂರ ಅರವತ್ತೆಂಟು. “ನೂರ ಅರವತ್ತೆಂಟಕ್ಕೆ ನೂರ ಅರವತ್ತೆಂಟರಿಂದಲೂ ಭಾಗಿಸಿದ್ದೇನಮ್ಮ. ನೀನು ಮೂವತ್ತಾರರ ಹತ್ತಿರವೇ ನಿಂತಿದ್ದೀಯ.” ಮೇಜಿನ ಸುತ್ತ ಇದ್ದ ಏಳು ಜನ ನಕ್ಕಿದ್ದರು. ಅವನು ಚಿಹ್ನೆಯನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಉಫ್ ಎಂದು ಊದಿದ್ದ. ಪುಡಿ ಹೋಗಿ ಅವಳ ಚಹಾದಲ್ಲಿ ಬಿದ್ದಿತ್ತು. ಅವಳು ಲೋಟವನ್ನು ಒಂದು ಗೇಣು ಆಚೆ ಸರಿಸಿ, ಮುಂದಿನ ಪುಟ ತಿರುಗಿಸಿದ್ದಳು. ಬೈದಿದ್ದರೆ ಮರೆತುಹೋಗುತ್ತಿತ್ತು. ಆ ಒಂದು ಗೇಣು ಅವನ ಎದೆಯಲ್ಲಿ ಎಂಟು ತಿಂಗಳಿಂದ ಅಳತೆಪಟ್ಟಿಯ ಹಾಗೆ ಬಿದ್ದುಕೊಂಡಿತ್ತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಅದಾಗಿ ಒಂದು ವಾರಕ್ಕೆ ಅವಳನ್ನು ನೆಲಮಾಳಿಗೆಯ ಲೇಬಲ್ ವಿಭಾಗಕ್ಕೆ ಹಾಕಿದರು. ಕೆಮ್ಮಿನ ಔಷಧದ ಸೀಸೆಗೆ ಅಂಟಿಸುವ ಚೀಟಿಗಳಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ ತಿದ್ದುವುದು, ಗೋಂದಿನ ವಾಸನೆ, ಕಿಟಕಿಯಿಲ್ಲ. ಅವಳ ಕಣ್ಣು ಮೊದಲಿನ ಹಾಗಿಲ್ಲ ಅಂತ ಕೇಳಿದೆವು ಎಂದು ಮ್ಯಾನೇಜರು ಕಾರಣ ಕೊಟ್ಟಿದ್ದರು. ಕಣ್ಣು ಸರಿಯಿಲ್ಲದವರನ್ನು ಸಣ್ಣ ಅಕ್ಷರಕ್ಕೆ ಹಾಕುವುದು ಎಂಥ ನ್ಯಾಯವೋ, ಆ ಕಟ್ಟಡದಲ್ಲಿ ಇಂಥ ನ್ಯಾಯಗಳನ್ನು ಕೇಳುವವರಿಲ್ಲ. ಹಾಗಂತ ಮ್ಯಾನೇಜರಿಗೆ ಯಾರು ಹೇಳಿದರೋ ಅವನಿಗೆ ಗೊತ್ತಿಲ್ಲ. ಅಂದರೆ, ಅವನು ಆ ವಿಷಯದ ಹತ್ತಿರ ಹೋಗುತ್ತಿರಲಿಲ್ಲ. ಮನಸ್ಸಿನಲ್ಲಿ ಕೆಲವು ಕೋಣೆಗಳಿರುತ್ತವೆ, ಅಲ್ಲಿ ಬಲ್ಬು ಸುಟ್ಟುಹೋಗಿದ್ದರೆ ಬದಲಾಯಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಬಸ್ಸು ಇಳಿಯುವಾಗ ಅವನು ತನಗೆ ತಾನೇ ಒಂದು ಸತ್ಯ ಒಪ್ಪಿಕೊಂಡ. ಒಪ್ಪಿಕೊಂಡದ್ದಕ್ಕೆ ಹೆಮ್ಮೆಯೂ ಆಯಿತು, ಲೋಕದಲ್ಲಿ ಎಷ್ಟು ಜನಕ್ಕೆ ಆ ಧೈರ್ಯ ಇದೆ? ಅವನು ಭಾಗಿಸಿದ್ದು ನೂರ ಅರವತ್ತೆಂಟು ಸಲ ಅಲ್ಲ, ನೂರ ಅರವತ್ತೇಳು ಸಲ. ಎರಡರಿಂದ ಶುರು ಮಾಡಿ ಒಂಬೈನೂರ ತೊಂಬತ್ತೊಂದರವರೆಗೆ, ಒಬ್ಬನೇ, ನೀರೂ ಕುಡಿಯದೆ, ಎರಡು ದಸ್ತು ಕಾಗದ ಮುಗಿಸಿ, ಮೂರು ಪೆನ್ಸಿಲು ಸವೆಸಿ. ಉಳಿದದ್ದು ಕಟ್ಟಕಡೆಯ ಒಂದೇ ಒಂದು, ಒಂಬೈನೂರ ತೊಂಬತ್ತೇಳು. ಆಗ ಕರೆಂಟು ಹೋಯಿತು. ಅಥವಾ ಮ್ಯಾನೇಜರು ಕರೆದರು. ಯಾರೋ ನೆಂಟರು ಬಂದರು ಅಂತಲೂ ನೆನಪು. ಏನಾದರಾಗಲಿ, ನೂರ ಅರವತ್ತೇಳು ಜನ ಕೈ ಎತ್ತಿ ಸೋಲೊಪ್ಪಿದ ಮೇಲೆ ಕಡೆಯವನೊಬ್ಬ ಬಂದು ಗೆಲ್ಲುತ್ತಾನೆ ಅಂತ ಯಾರಾದರೂ ಎಣಿಸುತ್ತಾರೆಯೇ? ಆನೆ ಹೋಗಿತ್ತು, ಬಾಲ ಸಿಕ್ಕಿಕೊಂಡಿತ್ತು, ಅಷ್ಟೆ. ಇಷ್ಟು ದೊಡ್ಡ ಸಂಖ್ಯೆಯನ್ನು ಒಂದೇ ಒಂದು ಹೆಜ್ಜೆಯಲ್ಲಿ ಕೈತಪ್ಪಿಸಿಕೊಂಡವರು ಬೇರೆ ಯಾರೂ ಇರಲಾರರು ಎಂದುಕೊಂಡಾಗ ಅವನ ನಡಿಗೆಗೆ ತುಸು ಬಿಗಿ ಬಂತು. ಬಂದರೂ ಬೂಟು ಪಚ್ ಅಂದಿತು.

ಮುದ್ರಣಾಲಯದ ಗೇಟಿನಲ್ಲಿಯೇ ಗೊತ್ತಾಯಿತು: ಗಣಿತ ಪುಸ್ತಕದ ಎರಡನೆಯ ಮುದ್ರಣ ಇವತ್ತೇ, ಕಡೆಯ ಫಾರಮ್ಮಿನ, ಅಂದರೆ ಉತ್ತರದ ಪುಟಗಳ, ಪ್ಲೇಟು ಹನ್ನೊಂದು ಗಂಟೆಗೆ ಮೆಷಿನ್ನಿಗೆ ಏರುತ್ತದೆ. ಇನ್ನೊಂದು ಐವತ್ತು ಸಾವಿರ ಪ್ರತಿ. ಐವತ್ತು ಸಾವಿರ ಪುಟದಲ್ಲಿ ಆ ಬಟ್ಟೆ ಮತ್ತೆ ಹರಡಿಕೊಳ್ಳುತ್ತದೆ, ಮೇಲಿನ ಸಾಲಿನಲ್ಲಿ ಮೂವತ್ತಾರು, ಕೆಳಗಿನ ಸಾಲಿನಲ್ಲಿ ಅವಿಭಾಜ್ಯ, ಕಳ್ಳನೇ ಮನೆ ಬಾಗಿಲಿಗೆ ತನ್ನ ವಿಳಾಸ ಅಂಟಿಸಿ ಹೋದ ಹಾಗೆ. ಅವನು ಕುರ್ಚಿಯಲ್ಲಿ ಕೂತ. ಕಿಟಕಿಯ ಬಿಸಿಲು ಎಂದಿನ ಹಾಗೆ ಮೇಜಿನ ಅವನ ತುದಿಗೆ ಮಾತ್ರ ಬಿದ್ದಿತ್ತು. ಒಂದು ಪದ ತೆಗೆದು ಇನ್ನೊಂದು ಹಾಕಿದರೆ ಆಯಿತು, ಅವಿಭಾಜ್ಯ ತೆಗೆದು ಸಂಯುಕ್ತ, ಹತ್ತು ನಿಮಿಷದ ಕೆಲಸ. ಆದರೆ ಮುಚ್ಚಿದ ಶಂಕೆ ತೆರೆಯದೆ ಪ್ಲೇಟು ಮುಟ್ಟುವಂತಿಲ್ಲ, ಶಂಕೆ ತೆರೆಯಬೇಕಾದರೆ ಅವಳನ್ನು ಮೇಲೆ ಕರೆಸಬೇಕು. ಅವಳು ಬಂದರೆ ಅವಳು ಹೇಳಿದ್ದು ಸರಿ ಎಂದಾಗುತ್ತದೆ, ಅವಳು ಸರಿಯಾದರೆ ಅವಳ ಕಣ್ಣು ಸರಿ, ಅವಳ ಕಣ್ಣು ಸರಿಯಾದರೆ ಅವಳು ನೆಲಮಾಳಿಗೆಯಲ್ಲಿ ಯಾಕಿದ್ದಾಳೆ ಅನ್ನುವ ಪ್ರಶ್ನೆ ಬರುತ್ತದೆ, ಆಮೇಲೆ ಈ ಕುರ್ಚಿ ಯಾರದು ಅನ್ನುವುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎಂಟು ತಿಂಗಳಲ್ಲಿ ಒಬ್ಬ ಮೇಷ್ಟ್ರೂ ಪತ್ರ ಬರೆದಿಲ್ಲ. ಉತ್ತರದ ಪುಟದ ಕೆಳಗಿನ ಅರ್ಧವನ್ನು ಯಾವ ಮೇಷ್ಟ್ರು ಓದುತ್ತಾರೆ? ಬಿಸಿ ತುಪ್ಪ ಬಾಯಲ್ಲಿತ್ತು. ಗಡಿಯಾರ ಹತ್ತು ಇಪ್ಪತ್ತು ತೋರಿಸಿತು. ಕೆಳಗಿನ ಅಂತಸ್ತಿನಲ್ಲಿ ಮೆಷಿನ್ ಪರೀಕ್ಷೆಗೆ ಓಡಿ ನಿಂತಾಗ ಆ ಮೌನದಲ್ಲಿ ನೆಲಮಾಳಿಗೆಯಿಂದ ಯಾರೋ ಕೆಮ್ಮಿದ್ದು ಅವನಿಗೆ ಕೇಳಿಸಿತು. ಎರಡು ಅಂತಸ್ತು ದಾಟಿ ಕೆಮ್ಮು ಕೇಳಿಸುವುದು ಸಾಧ್ಯವೇ ಇಲ್ಲ. ಆದರೂ ಅದು ವಾಕ್ಯ ಮುಗಿದ ಮೇಲಿನ ಕೆಮ್ಮೇ ಆಗಿತ್ತು. ಅವನ ಕಾಲು ತಾನಾಗಿಯೇ ಎದ್ದು ಮ್ಯಾನೇಜರ ಕೋಣೆಗೆ ನಡೆಯಿತು, ಉಳಿದ ಮೈ ಅದರ ಹಿಂದೆ ಹೋಯಿತು.

ಒಳಗೆ ಹೋಗುವ ಹನ್ನೆರಡು ಹೆಜ್ಜೆಯಲ್ಲಿ ಅವನಿಗೆ ಒಂದು ಅದ್ಭುತ ಉಪಾಯ ಹೊಳೆಯಿತು, ಹಾವೂ ಸಾಯದ ಕೋಲೂ ಮುರಿಯದ ಉಪಾಯ. ಅವಳನ್ನು ಕರೆಸಿ ಎಂದು ತಾನೇ ಹೇಳಿದ. ಅವಳು ಬಂದಳು, ಬೆರಳ ತುದಿಗೆ ಗೋಂದು ಒಣಗಿ ಬಿಳಿ ಸಿಪ್ಪೆ ಎದ್ದಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ಬಾಗಿಲಲ್ಲೇ ನಿಂತಳು. ಮ್ಯಾನೇಜರು ಶಂಕೆ ಪುಸ್ತಕ ತೆರೆದರು. ಆಗ ಅವನು ಕೈ ಹಿಂದೆ ಕಟ್ಟಿಕೊಂಡು ಶುರುಮಾಡಿದ: ಇನ್ನೂರ ಹನ್ನೆರಡನೆಯ ಪುಟದ ಸಂಖ್ಯೆ ಭಾಗವಾಗುತ್ತದೆ, ಇದು ನನಗೆ ಮೊದಲೇ ಗೊತ್ತಿತ್ತು. ನೂರ ಅರವತ್ತೇಳು ಭಾಗಾಕಾರ ಮಾಡಿ, ಕಡೆಯದನ್ನು ಬೇಕೆಂದೇ ಬಿಟ್ಟು, ತಪ್ಪನ್ನು ಗಾಳದ ಹುಳುವಿನ ಹಾಗೆ ಇಳಿಬಿಟ್ಟಿದ್ದೆ; ಓದುಗರಲ್ಲಿ ಯಾರಾದರೂ ಹಿಡಿಯುತ್ತಾರೋ ನೋಡೋಣ ಎಂದು. ನಾಡಿಗೆ ನಾಡೇ ಹಿಡಿಯಲಿಲ್ಲ, ಈಯಮ್ಮ ಒಬ್ಬಳು ಹತ್ತಿರ ಬಂದಿದ್ದಳು, ಅದನ್ನೂ ಮೆಚ್ಚಬೇಕು. ಇದನ್ನು ಹೇಳುತ್ತ ಹೇಳುತ್ತ ಅವನೇ ಅದನ್ನು ನಂಬಿಬಿಟ್ಟ. ಎಂಥ ದೂರದೃಷ್ಟಿ ತನ್ನದು ಎಂದು ತಾನೇ ತಲೆದೂಗಿದ. ಮ್ಯಾನೇಜರು ತಲೆ ಸವರಿಕೊಳ್ಳುವುದನ್ನು ನಿಲ್ಲಿಸಿದ್ದರು, ಒಪ್ಪುವ ಲಕ್ಷಣ ಅದು.

ಅವಳು ಸಹಿಗೆಂದು ಪೆನ್ನು ತೆಗೆದುಕೊಂಡಳು. ಹಾಕಲಿಲ್ಲ. ಶಂಕೆ ಪುಸ್ತಕದ ಆ ಪುಟದಲ್ಲಿ ಮಡಿಸಿ ಇಟ್ಟಿದ್ದ ಒಂದು ಕಾಗದವನ್ನು ಬಿಡಿಸಿದಳು. ಎಂಟು ತಿಂಗಳಿಂದ ಅದು ಅಲ್ಲೇ ಇತ್ತು, ಮುಚ್ಚಿದ ಶಂಕೆಯನ್ನು ಯಾರು ತೆರೆದು ನೋಡುತ್ತಾರೆ? ಅವನು ಎಲ್ಲದರಿಂದಲೂ ಭಾಗಿಸಿದ್ದೇನೆ ಅಂದ ದಿನ, ಅವಳಿಗೆ ತನ್ನ ಮೇಲೆಯೇ ಅನುಮಾನ ಬಂದು, ಮನೆಗೆ ಹೋಗಿ ತಾನೂ ಭಾಗಿಸಿ ನೋಡಿದ್ದಳಂತೆ. ಸಣ್ಣ, ಉರುಟು ಅಂಕಿಗಳು, ನೂರ ಅರವತ್ತೆಂಟು ಸಾಲು, ಪ್ರತಿ ಸಾಲಿಗೂ ಶೇಷ.

“ಉತ್ತರಣ್ಣ, ಒಂಬೈನೂರ ತೊಂಬತ್ತೊಂದರಿಂದ ಭಾಗಿಸಿದಾಗ ನಿಮಗೆ ಎಷ್ಟು ಉಳೀತು?”

“ನಾಲ್ಕು,” ಅಂದ. ಹಿಂದೆಮುಂದೆ ನೋಡದೆ, ಬಾಣದ ಹಾಗೆ.

“ನನಗೆ ನೂರ ಎಂಟು.” ಅವಳ ದನಿಯಲ್ಲಿ ಗೆಲುವೇನೂ ಇರಲಿಲ್ಲ, ಹರಿದ ಹೊಲಿಗೆ ಎಲ್ಲಿಂದ ಬಿಟ್ಟಿದೆ ಎಂದು ಬೆರಳಾಡಿಸುವವರ ಹಾಗಿತ್ತು. ಐನೂರ ಮೂರಕ್ಕೆ ಎಂದಳು. ನೆನಪಿಲ್ಲ ಅಂದ. ನೂರ ಒಂದಕ್ಕೆ? ಎಂಟು ತಿಂಗಳಾಯಿತಲ್ಲಮ್ಮ, ಯಾರಿಗೆ ನೆನಪಿರತ್ತೆ ಅಂದ. ನಲವತ್ತೇಳಕ್ಕೆ? ಅವನು ಮ್ಯಾನೇಜರ ಮೇಜಿನ ಗಾಜಿನಡಿಯ ಕ್ಯಾಲೆಂಡರನ್ನು ಓದತೊಡಗಿದ. ಅವಳ ಬೆರಳು ಕಾಗದದ ಮೇಲೆ ಒಂದು ಸಾಲು ಮೇಲಕ್ಕೆ ಸರಿಯಿತು.

“ನಲವತ್ತಮೂರಕ್ಕೆ?”

“ಮೂವತ್ತೊಂದು.”

ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಗೊತ್ತಾಯಿತು.

“ಹೌದು, ಮೂವತ್ತೊಂದು,” ಅಂದಳು. “ಇದು ಸರಿ ಇದೆ.”

ಮ್ಯಾನೇಜರು ಬೆರಳು ಮಡಿಸಿ ಎರಡು, ಮೂರು, ಐದು, ಏಳು ಎಂದು ಗುನುಗುತ್ತ ಎಣಿಸಿದರು. ನಲವತ್ತಮೂರರ ಹತ್ತಿರ ಬಂದು ನಿಂತು ಅವನ ಮುಖ ನೋಡಿದರು. ಎಣಿಕೆ ಸರಿಯಾಗಿತ್ತು, ಅವನು ನಿಲ್ಲಿಸಿದ್ದು ಅಲ್ಲಿಗೇ. ಎರಡು ದಸ್ತು ಕಾಗದವಿರಲಿಲ್ಲ, ಇದ್ದದ್ದು ಒಂದು ಹಳೆಯ ಲಕೋಟೆಯ ಹಿಂಭಾಗ. ಪೆನ್ಸಿಲು ಸವೆದಿರಲಿಲ್ಲ. ಕರೆಂಟು ಹೋಗಿರಲಿಲ್ಲ, ನೆಂಟರು ಬಂದಿರಲಿಲ್ಲ. ನಲವತ್ತಮೂರು ಮುಗಿದಾಗ ಬೇಜಾರಾಗಿತ್ತು, ಅಷ್ಟೆ.

“ಹದಿನಾಲ್ಕು ಸಾರ್,” ಅಂದ ಅವನು. “ನಾನು ಮಾಡಿದ್ದು ಹದಿನಾಲ್ಕು ಭಾಗಾಕಾರ.” ಒಂದು ಸಲ ಬಾಯಿ ತೆರೆದ ಮೇಲೆ ಸತ್ಯ ತಾನಾಗಿಯೇ ಉರುಳುತ್ತಿತ್ತು, ಅವನಿಗೇ ಬೆರಗಾಯಿತು. “ಅದೂ ಅಲ್ಲ. ಎರಡಕ್ಕೆ, ಐದಕ್ಕೆ ಬರೀ ಕಡೇ ಅಂಕಿ ನೋಡಿದೆ, ಮೂರಕ್ಕೆ ಅಂಕಿ ಕೂಡಿಸಿದೆ. ಹನ್ನೊಂದೇ.”

ಅವಳು ಮುಖ ಕೆಳಗೆ ಹಾಕಿ ಸಹಿ ಹಾಕತೊಡಗಿದಳು. ಹೆಗಲು ಸ್ವಲ್ಪ ಅಲುಗುತ್ತಿತ್ತು, ನಗುತ್ತಿದ್ದಳೋ ಏನೋ. ಮ್ಯಾನೇಜರು ಪದ ಬದಲಾಯಿಸುವಂತೆ ಕೆಳಗೆ ಫೋನು ಮಾಡಲು ಕೈ ಚಾಚಿದರು. ಇಲ್ಲಿಗೆ ಮುಗಿಯಬಹುದಿತ್ತು. ಪದ ಸರಿಹೋಗುತ್ತಿತ್ತು, ಅವನ ಹೆಸರಿಗೆ ನಾಲ್ಕು ದಿನ ನಗು, ಐದನೆಯ ದಿನ ಅವನೇ ಆ ಕಥೆಯನ್ನು ಬಣ್ಣ ಕಟ್ಟಿ ಹೇಳಿಕೊಂಡು ಓಡಾಡುತ್ತಿದ್ದ. ಅವಳು ಪೆನ್ನಿನ ಮುಚ್ಚಳ ಹಾಕಿ, ನೆಲಮಾಳಿಗೆಗೆ ಹೋಗಲು ಬಾಗಿಲ ಕಡೆ ತಿರುಗಿದಳು.

“ಸಾರ್, ಒಂದು ನಿಮಿಷ,” ಅಂದ. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ. “ಇವರ ಕಣ್ಣಿಗೆ ಏನೂ ಆಗಿಲ್ಲ. ಅವತ್ತು ಚಹಾ ಹೊತ್ತಿನಲ್ಲಿ ಕಣ್ಣು ಸರಿಯಿಲ್ಲ ಅಂತ ನಿಮ್ಮ ಕಿವಿಗೆ ಹಾಕಿದ್ದು ನಾನು.”